‘ಪ್ರಿನ್ಸ್’ಗೆ ಎಲ್ಲ ಕಡೆಯೂ ‘ರಾಜಕುಮಾರ’ ಎಂದರೆ ಆದೀತೇ?

‘ಮೊನಾಕೊದ ರಾಜಕುಮಾರ ಎರಡನೇ ಆಲ್ಬರ್ಟ್’ ಎಂದು ಓದಿದ ಕನ್ನಡಿಗರು ‘ಹಾಗಾದರೆ ರಾಜ ಯಾರು?’ ಎಂದು ಕೇಳುವುದು ಸಹಜ. ಅಲ್ಲಿ ರಾಜನೇ ಇಲ್ಲ. 2005ರಿಂದ ಆ ನಾಡಿನ ದೊರೆ ಆಲ್ಬರ್ಟರೇ. ಹಾಗಾಗಿ ‘ಮೊನಾಕೊದ ಅರಸ’ ಎಂದು ಬರೆಯಬೇಕು.

ಲ್ಯಾಟಿನ್ನಿನ ‘ಪ್ರಿಂಕೆಪ್ಸ್’ ಎಂದರೆ ಮೊದಲ ಸ್ಥಾನ ಹಿಡಿದವನು, ಮುಂದಾಳು. ಮಗ ಎಂಬ ಅರ್ಥ ಅದರಲ್ಲಿ ಎಳ್ಳಷ್ಟೂ ಇಲ್ಲ. ರೋಮಿನವರಿಗೆ ರಾಜ ಎಂಬ ಮಾತೇ ಆಗುತ್ತಿರಲಿಲ್ಲ. ಅದಕ್ಕೇ ಅಗಸ್ಟಸ್ ಸಾಮ್ರಾಜ್ಯವನ್ನೆಲ್ಲ ಕೈಯಲ್ಲಿಟ್ಟುಕೊಂಡೂ ಪ್ರಿಂಕೆಪ್ಸ್ ಎನ್ನಿಸಿಕೊಂಡ. ಅರಸುಮಕ್ಕಳಿಗೆ ಈ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ.

ಜರ್ಮನ್ ಭಾಷೆಯಲ್ಲಿ ಈ ಗೊಂದಲವಿಲ್ಲ. ಆಳುವವನು ‘ಫ್ಯೂರ್ಸ್ಟ್’, ಅರಸುಮಗ ‘ಪ್ರಿನ್ಸ್’. ಲಿಖ್ಟೆನ್‌ಸ್ಟೈನಿನಲ್ಲಿ ಹಾನ್ಸ್ ಆಡಮ್ ಫ್ಯೂರ್ಸ್ಟ್, ಅವರ ಮಗ ಅಲೋಯಿಸ್ ಪ್ರಿನ್ಸ್. ಇಂಗ್ಲಿಷಿಗೆ ಬರುವಾಗ ಇಬ್ಬರೂ ಪ್ರಿನ್ಸ್ ಆಗುತ್ತಾರೆ, ನಾವು ಅನುವಾದಿಸುವುದು ಆ ಇಂಗ್ಲಿಷಿನಿಂದ. ಜರ್ಮನ್ ನಾಡುಗಳನ್ನು ಒಳಗೊಂಡಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯನ್ನು ಆರಿಸುವ ಹಕ್ಕನ್ನು 1356ರ ಶಾಸನ ಏಳು ಜನ ‘ಪ್ರಿನ್ಸ್’ಗಳಿಗೆ ಕೊಟ್ಟಿತು. ಅವರಲ್ಲಿ ಮೂವರು ಮೈಂಟ್ಸ್, ಟ್ರಿಯರ್, ಕಲೋನ್‌ಗಳ ಆರ್ಚ್‌ಬಿಷಪ್ಪರು. ಪಾದ್ರಿಗಳನ್ನು ರಾಜಕುಮಾರರೆಂದು ಬರೆದರೆ ಆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಬ್ರಿಟನ್ನಿನಲ್ಲಿ ಮಾತ್ರ ‘ರಾಜಕುಮಾರ’ ಬಹುಮಟ್ಟಿಗೆ ಹೊಂದುತ್ತದೆ. ಅಲ್ಲೂ ಎಚ್ಚರ ಬೇಕು: ಎಲಿಜಬೆತ್ ರಾಣಿಯ ಪತಿ ಫಿಲಿಪ್ಪರಿಗೆ ಬ್ರಿಟನ್ನಿನ ಪ್ರಿನ್ಸ್ ಪದವಿ ಸಿಕ್ಕಿದ್ದು 1957ರಲ್ಲಿ, ಮದುವೆಯಾಗಿ ಹತ್ತು ವರ್ಷವಾದ ಮೇಲೆ. ‘ಪ್ರಿನ್ಸ್ ಆಫ್ ವೇಲ್ಸ್’ ಮೊದಲು ವೇಲ್ಸಿನ ಸ್ವಂತ ಅರಸನ ಬಿರುದು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಆ ನಾಡನ್ನು ಗೆದ್ದು 1301ರಲ್ಲಿ ಅದನ್ನು ತನ್ನ ಮಗನಿಗೆ ಕೊಟ್ಟ. ಈಗ ಅದು ಪಟ್ಟಕ್ಕೆ ಬರುವ ಮಗನದು, ಆದರೆ ಹುಟ್ಟಿನಿಂದ ತಾನಾಗಿ ಬರುವುದಿಲ್ಲ, ದೊರೆ ಕೊಡಬೇಕು. ಕನ್ನಡದಲ್ಲಿ ‘ಬ್ರಿಟನ್ನಿನ ಯುವರಾಜ’ ಎಂದರೆ ಓದುಗರಿಗೆ ನೇರವಾಗಿ ತಿಳಿಯುತ್ತದೆ.

ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ‘ಕಿಂಗ್’ ಎಂಬ ಮಾತನ್ನು ತಮ್ಮ ದೊರೆಗೆ ಮೀಸಲಿಟ್ಟ ಬ್ರಿಟಿಷರು ಇಲ್ಲಿನ ಮಹಾರಾಜರನ್ನೂ ನವಾಬರನ್ನೂ ‘ಪ್ರಿನ್ಸ್’ ಎಂದೇ ಕರೆದರು. 1921ರಲ್ಲಿ ಅವರಿಗಾಗಿ ಒಂದು ಸಭೆ ಏರ್ಪಟ್ಟಾಗ ಭಾರತೀಯ ಹೆಸರು ‘ನರೇಂದ್ರ ಮಂಡಲ’ ಎಂದಾಯಿತು. ಅವರ ರಾಜ್ಯಗಳನ್ನು ಕನ್ನಡ ಸಂಸ್ಥಾನ ಎಂದಿತು. ಕುಮಾರ ಎಂಬ ಮಾತು ಎಲ್ಲೂ ನುಸುಳಲಿಲ್ಲ.

‘ಯುವರಾಜ’ವನ್ನೂ ‘ರಾಜಕುಮಾರ’ದ ಜಾಗಕ್ಕೆ ಸುಮ್ಮನೆ ತರಬಾರದು. ಯುವರಾಜ ಎಂದರೆ ಮುಂದೆ ಪಟ್ಟಕ್ಕೆ ಬರಬೇಕಾದವನು. ಅವನು ದೊರೆಯ ಮಗನೇ ಆಗಬೇಕಿಲ್ಲ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ. 1940ರ ಮಾರ್ಚಿಯಲ್ಲಿ ಯುವರಾಜರು, ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಪಟ್ಟ ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ ಬಂತು. ಇಂಗ್ಲಿಷ್ ಬರಹವೊಂದು ನರಸಿಂಹರಾಜರನ್ನು ‘ಪ್ರಿನ್ಸ್’ ಎಂದಿತೆಂದು ಅವರನ್ನು ರಾಜಕುಮಾರ ಮಾಡಿದರೆ, ಓದುಗರು ಅವರನ್ನು ನಾಲ್ವಡಿಯವರ ಮಗ ಎಂದುಕೊಳ್ಳುತ್ತಾರೆ.