ಅಪ್‌ಡೇಟ್: ರದ್ದಾದ ‘ಲೈಫ್‌ಟೈಮ್’ ಕೀ, ಹಣ ವಾಪಸ್ ಬಂತು

ಆನ್‌ಲೈನ್ ಮಾರಾಟಗಾರರಿಂದ 2,400 ರೂಪಾಯಿಗೆ ಕೊಂಡ ವಿಂಡೋಸ್ ‘ಲೈಫ್‌ಟೈಮ್’ ಕೀ (ಸಾಫ್ಟ್‌ವೇರ್ ಸಕ್ರಿಯಗೊಳಿಸುವ ಸಂಕೇತ) ಏಳೇ ತಿಂಗಳಿಗೆ ನಿಂತುಹೋಗಿತ್ತು. ಹೊಣೆ ಯಾರದು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಪೂರ್ತಿ ಹಣ ಬಂದಿದೆ.

ನೀವು ಹೇಳಿದಂತೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೀ ಯಾವ ಬಗೆಯದು ಎಂದು ತೋರಿಸುವ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ (slmgr /dli) ಕೊಟ್ಟಾಗ ‘ರಿಟೇಲ್’ ಅಂತ ಬರಬೇಕಿದ್ದ ಕಡೆ ‘ವಾಲ್ಯೂಮ್_ಎಂಎಕೆ’ ಅಂತ ಬಂತು. ಅಂದರೆ ಯಾವುದೋ ಸಂಸ್ಥೆಗೆ ಕೊಟ್ಟ ಕೀಯನ್ನು ಬಿಡಿಬಿಡಿಯಾಗಿ ಮಾರಿದ್ದಾರೆ. ಹಾಗಾಗಿ ಹೊಣೆ ಮಾರಿದವರದೇ, ಸಾಫ್ಟ್‌ವೇರ್ ಕಂಪನಿಯದಲ್ಲ. ಆ ಸ್ಕ್ರೀನ್‌ಶಾಟ್, ಬಿಲ್, ‘ಲೈಫ್‌ಟೈಮ್’ ಎಂದಿದ್ದ ಜಾಹೀರಾತಿನ ಪುಟ, ಈ ಮೂರೇ ಸಾಕಾದವು. ಪುಟವನ್ನು ಮೊದಲೇ ಉಳಿಸಿಕೊಳ್ಳಿ, ಆಮೇಲೆ ಅಳಿಸಿಬಿಡುತ್ತಾರೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅವರಿಗೆ ದೂರು ಕೊಟ್ಟಾಗ ಬಂದ ಉತ್ತರ ಮಾತ್ರ ‘ಡಿಜಿಟಲ್ ಸರಕಿಗೆ ರಿಫಂಡ್ ಇಲ್ಲ’. ಕೆಲಸ ಮಾಡದ ಸರಕಿಗೆ ಆ ಷರತ್ತು ಗುರಾಣಿಯಾಗದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದಾರಿಗೆ ಬಂದರು.

1915 ಆದೇಶ ಹೊರಡಿಸುವುದಿಲ್ಲ, ಮಧ್ಯಸ್ಥಿಕೆ ಅಷ್ಟೆ. ಅಲ್ಲಿ ಬಗೆಹರಿಯದಿದ್ದರೆ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿ: ನೀವು ವಾಸವಿರುವ ಜಿಲ್ಲೆಯಲ್ಲೇ ಆಗುತ್ತದೆ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು 2 ವರ್ಷ. ಬಿಲ್ ನಿಮ್ಮ ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿದ್ದರೆ ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡದ್ದು, ಹಾಗಾಗಿ ನೀವು ಗ್ರಾಹಕರಲ್ಲ ಎಂಬ ತಕರಾರು ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ಎಂದು ದೂರಿನಲ್ಲೇ ಬರೆಯಿರಿ.