ಸಹಾಯ ಬೇಕು: ಪಾಯ, ಪಿಲ್ಲರ್, ಕಬ್ಬಿಣದ ಲೆಕ್ಕ ಯಾರು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ 30×40 ಅಡಿ ನಿವೇಶನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಪಾಯ ಅಗೆಯುವುದು ಇನ್ನೂ ಬಾಕಿ. ಆರ್ಕಿಟೆಕ್ಟ್ ಕೊಟ್ಟ ನಕ್ಷೆಯಲ್ಲಿ ಕೋಣೆ, ಕಿಟಕಿ, ಮೆಟ್ಟಿಲುಗಳ ಅಳತೆ ಇದೆ. ಕಬ್ಬಿಣದ ವಿವರ ಒಂದೂ ಇಲ್ಲ. ಗುತ್ತಿಗೆದಾರರನ್ನು ಕೇಳಿದರೆ, "9×12 ಇಂಚಿನ ಪಿಲ್ಲರ್, 12 ಮಿ.ಮೀ.ನ ನಾಲ್ಕು ಸರಳು ಸಾಕು ಸರ್, ಎಲ್ಲ ಕಡೆಯೂ ಇದನ್ನೇ ಹಾಕುತ್ತೇವೆ" ಎನ್ನುತ್ತಾರೆ.

ನಮ್ಮದು ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಾಯಿಬಿಡುವ ನೆಲ. ಹಿಂದಿನ ಬೀದಿಯ ಮನೆಯೊಂದರಲ್ಲಿ ಕಿಟಕಿಯ ಮೂಲೆಯಿಂದ ಪಾಯದವರೆಗೆ ಓರೆಯಾಗಿ ಸೀಳಿರುವ ಗೋಡೆಯನ್ನು ನೋಡಿದ ಮೇಲೆ ಆ ಮಾತಿನಿಂದ ನನಗೆ ಸಮಾಧಾನವಾಗುತ್ತಿಲ್ಲ.

ನನಗೆ ತಿಳಿದಂತೆ ಪಾಯದ ಆಳ, ಪಿಲ್ಲರ್, ಬೀಮ್, ಚಾವಣಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರರ ಕೆಲಸ; ಅದೂ ಮಣ್ಣು ಪರೀಕ್ಷೆಯ ವರದಿ ನೋಡಿ, ಐ.ಎಸ್. 456ರ (ಕಾಂಕ್ರೀಟ್ ಕಟ್ಟಡ ಕೆಲಸಕ್ಕಿರುವ ಭಾರತೀಯ ಮಾನಕ) ನಿಯಮದಂತೆ. ಅವರನ್ನು ಗೊತ್ತುಮಾಡಬೇಕಾದವರು ನಾವೋ, ಆರ್ಕಿಟೆಕ್ಟೋ? ಗುತ್ತಿಗೆದಾರರೇ ಒಬ್ಬರನ್ನು ಕರೆತರುವುದಾಗಿ ಹೇಳುತ್ತಿದ್ದಾರೆ. ಕಬ್ಬಿಣ ಕೊಳ್ಳುವವರೇ ಲೆಕ್ಕ ಮಾಡುವವರನ್ನೂ ಆರಿಸುವುದು ನನಗೆ ಸರಿಕಾಣುತ್ತಿಲ್ಲ.

ಕಾಂಕ್ರೀಟ್ ಸುರಿಯುವ ಮುನ್ನ ಕಬ್ಬಿಣ ಕಟ್ಟಿದ್ದನ್ನು ಪರಿಶೀಲಿಸಲು ಎಂಜಿನಿಯರರು ಸ್ಥಳಕ್ಕೆ ಬರುತ್ತಾರೆಯೇ, ಅದನ್ನು ಮೊದಲೇ ಬರೆಸಿಕೊಳ್ಳಬೇಕೇ? ಹಾಲ್ ನಡುವಿನ ಪಿಲ್ಲರನ್ನು ಸರಿಸಬೇಕೆಂದು ಮನೆಯವರ ಆಸೆ. ಅದಕ್ಕೆ ಕೊನೆಯ ಮಾತು ಯಾರದು?

ಹುಬ್ಬಳ್ಳಿ-ಧಾರವಾಡದ ಎರೆಮಣ್ಣಿನಲ್ಲಿ ಮನೆ ಕಟ್ಟಿಸಿದವರು ದಯವಿಟ್ಟು ತಿಳಿಸಿ. ಶುಲ್ಕವನ್ನು ಚದರಡಿ ಲೆಕ್ಕದಲ್ಲಿ ಕೊಟ್ಟಿರೋ, ಒಟ್ಟಾಗಿಯೋ ಎಂಬುದನ್ನೂ ಬರೆದರೆ ದೊಡ್ಡ ಉಪಕಾರ.