ಎಂಟು ಸಾವಿರ ರೂಪಾಯಿಯ ಬೆನ್ನು

"ಎಂಟು ಸಾವಿರ ಕೊಟ್ಟು ನಾನು ನೋಡಿದ್ದು ಒಂದು ಬೆನ್ನು ಕಣ್ರೋ" ಅಂದ ಸೀನ. "ಬ್ಯಾಂಡಿನವನದ್ದಲ್ಲ. ನನ್ನ ಮುಂದೆ ನಿಂತಿದ್ದವನದ್ದು. ಆರಡಿಗೆ ಕಡಿಮೆ ಇಲ್ಲ. ಸಾಲದ್ದಕ್ಕೆ ಅವನ ಹೆಗಲ ಮೇಲೆ ಇನ್ನೊಬ್ಬಳು."

ಗಾಂಧಿ ಬಜಾರಿನ ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತಿದ್ದೆವು. ಸೀನ ಕಾನ್ಸರ್ಟಿಗೆ ಹೋಗಿ ನೋಡಿಬಂದ ಬ್ಯಾಂಡಿನ ಹೆಸರು ಇಲ್ಲಿ ಬೇಡ, ಅವನ ಗಾಯ ಇನ್ನೂ ಹಸಿ. ತಿಂಗಳುಗಟ್ಟಲೆ ನಮ್ಮ ತಲೆ ತಿಂದಿದ್ದ. ನಮ್ಮ ವಾಟ್ಸಾಪ್ ಗ್ರೂಪಿಗೇ ಆ ಬ್ಯಾಂಡಿನ ಹೆಸರಿಟ್ಟಿದ್ದ. "ಜೀವನದಲ್ಲಿ ಒಂದ್ಸಲ ನೋಡ್ಬೇಕು" ಅಂತ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಬದಲು ಕಳಿಸುತ್ತಿದ್ದ. ಈಗ ಒಂದು ಸಲಕ್ಕೇ ಸಾಕಾಗಿದೆ.

"ಶುರುವಿಂದ ಹೇಳು" ಅಂದಳು ಶೈಲಾ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಅರ್ಧಂಬರ್ಧ ಉತ್ತರ ಕೊಟ್ಟರೆ ಒಪ್ಪುವವಳಲ್ಲ.

"ಗೇಟಲ್ಲೇ ನೀರಿನ ಬಾಟ್ಲಿ ಕಿತ್ಕೊಂಡ್ರು. ಪವರ್ ಬ್ಯಾಂಕ್ ಕಿತ್ಕೊಂಡ್ರು. ಅಮ್ಮ ಕಟ್ಟಿಕೊಟ್ಟಿದ್ದ ಚಪಾತಿನೂ ಬಿಡ್ಲಿಲ್ಲ."

"ಚಪಾತಿ ಏನ್ ಮಾಡುತ್ತೋ ಪಾಪ?"

"ಒಳಗೆ ನೂರು ರೂಪಾಯಿ ನೀರು ಮಾರ್ಬೇಕಲ್ಲ! ಅದನ್ನೂ ಕಾಸು ಕೊಟ್ರೆ ಕೊಡಲ್ಲ. ಮೊದಲು ಈ ಪಟ್ಟಿಗೆ ದುಡ್ಡು ತುಂಬಿಸ್ಬೇಕು." ಮಣಿಕಟ್ಟು ತೋರಿಸಿದ. ಬಟ್ಟೆಯ ಪಟ್ಟಿ, ಅದರಲ್ಲೊಂದು ಎಲೆಕ್ಟ್ರಾನಿಕ್ ಚಿಪ್. ಸ್ನಾನ ಮಾಡಿದ್ದಕ್ಕೆ ಬಣ್ಣ ಬಿಟ್ಟು ಕೈಯೆಲ್ಲಾ ನೀಲಿಯಾಗಿತ್ತು. "ಇನ್ನೂ ಮುನ್ನೂರ ಐವತ್ತು ಇದ್ರಲ್ಲೇ ಇದೆ."

"ಹಂಗಾದ್ರೆ ಕಾಫಿ ಬಿಲ್ಲಿಗೆ ಕೈ ಚಾಚು" ಅಂದ ಮಂಜ.

ಏಳಕ್ಕೆ ಅಂದಿದ್ದ ಬ್ಯಾಂಡು ವೇದಿಕೆಗೆ ಬಂದಾಗ ಎಂಟೂ ಮುಕ್ಕಾಲು. ಗಾಯಕ ಕಾಲ ಬುಡದಲ್ಲಿ ಅಂಟಿಸಿದ್ದ ಚೀಟಿ ನೋಡಿ "ನಮಸ್ಕಾರ ಬೆಂಗಳೂರು" ಅಂದನಂತೆ. ಜನ ಹುಚ್ಚೆದ್ದು ಕೂಗಿದರಂತೆ. ಅಷ್ಟಕ್ಕೇ ಕಣ್ಣಲ್ಲಿ ನೀರು ಹಾಕಿಕೊಂಡವರೂ ಇದ್ದರಂತೆ. ನಮ್ಮ ಬಿಎಂಟಿಸಿ ಕಂಡಕ್ಟರ್ ದಿನಾ ಹೇಳುತ್ತಾರೆ, ಯಾರೂ ಅಳುವುದಿಲ್ಲ.

"ಸರಿಯಾಗಿ ಹತ್ತಕ್ಕೆ ನಿಲ್ಲಿಸ್ಬಿಟ್ರು. ಲೇಟಾಗಿ ಬಂದಿದ್ದು ಅವ್ರು, ಕತ್ತರಿ ಬಿದ್ದಿದ್ದು ನಮ್ಮ ಹಾಡುಗಳಿಗೆ."

"ನಿಲ್ಲಿಸ್ಲೇಬೇಕು" ಅಂದಳು ಶೈಲಾ. "2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಮೈಕ್ ಹಾಕೋ ಹಾಗಿಲ್ಲ. ಹಬ್ಬ ಹರಿದಿನಕ್ಕೆ ವರ್ಷದಲ್ಲಿ ಒಂದಷ್ಟು ದಿನ ಹನ್ನೆರಡರ ತನಕ ಸರ್ಕಾರ ಬಿಡಬಹುದು."

"ಅಂದ್ರೆ ಗಣೇಶನಿಗಿರೋ ರಿಯಾಯಿತಿ ಇವ್ರಿಗಿಲ್ಲ."

"ಗಣೇಶ ಟೈಮಿಗೆ ಸರಿಯಾಗಿ ಬಂದು ಕೂತಿರ್ತಾನಪ್ಪ."

ಇಷ್ಟೆಲ್ಲ ಆದ ಮೇಲೆ ಹಾಡಿದ್ದಾದರೂ ಏನು? ಮೊದಲ ಮುಕ್ಕಾಲು ಗಂಟೆ ಹೊಸ ಆಲ್ಬಂ. ಸೀನ ಹದಿನೈದು ವರ್ಷದಿಂದ ಬಾತ್‌ರೂಮಿನಲ್ಲಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಆರು ನಿಮಿಷದಲ್ಲಿ ಮುಗಿಸಿದರು. ಅದರಲ್ಲೂ ಪಲ್ಲವಿ ಬಂದಾಗಲೆಲ್ಲ ಗಾಯಕ ಮೈಕನ್ನು ಜನರ ಕಡೆ ಹಿಡಿದ.

"ಪೂರ್ತಿ ನಮ್ಮ ಕೈಲೇ ಹಾಡಿಸಿದ ಕಣೋ!"

"ಭಜನೆನೂ ಹಂಗೇ ಅಲ್ವಾ?" ಅಂದ ಮಂಜ. "ಆದ್ರೆ ಅಲ್ಲಿ ಕೊನೆಗೆ ಕೋಸಂಬರಿನಾದ್ರೂ ಕೊಡ್ತಾರೆ."

"ಇನ್ನೊಂದು ಕೇಳು. ಅವನು ನೀರು ಕುಡೀತಿದ್ದ, ಹಾಡು ಮಾತ್ರ ಬರ್ತಾನೇ ಇತ್ತು!"

ಮಂಜನಿಗೆ ಇದು ಬೇಕಿತ್ತು. ಮಿಲ್ಲಿ ವನಿಲ್ಲಿ ಅನ್ನೋ ಪಾಪ್ ಜೋಡಿಯ ಕಥೆ ಶುರು ಮಾಡಿದ. 1989ರಲ್ಲಿ ಅಮೆರಿಕದ ಒಂದು ಶೋನಲ್ಲಿ ಇಬ್ಬರು ಗಾಯಕರು ಬಾಯಾಡಿಸುತ್ತಿದ್ದಾಗ ಹಿಂದಿನ ರೆಕಾರ್ಡಿಂಗ್ ಸಿಕ್ಕಿಹಾಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ಒಬ್ಬ ವೇದಿಕೆಯಿಂದ ಓಡಿಯೇ ಹೋದ. ಮುಂದಿನ ವರ್ಷ ಅವರಿಗೆ ಗ್ರ್ಯಾಮಿಯನ್ನೂ ಕೊಟ್ಟರು. ಕೊನೆಗೆ ಆಲ್ಬಂನಲ್ಲಿ ಇರುವುದೂ ಅವರ ದನಿ ಅಲ್ಲ ಅಂತ ಗೊತ್ತಾಗಿ ವಾಪಸ್ ಕಿತ್ತುಕೊಂಡರು. "ಓಡಿಹೋದ್ನಲ್ಲ, ಅಷ್ಟಾದ್ರೂ ಮರ್ಯಾದೆ ಇತ್ತು. ನಿಮ್ಮವನು ಬಾಟ್ಲಿ ಮುಚ್ಚಳ ಹಾಕಿ ಮುಂದುವರಿಸಿದ."

ಸೀನನ ದೂರು ಇನ್ನೂ ಮುಗಿದಿರಲಿಲ್ಲ. ಪರದೆಯಲ್ಲಿ ಡ್ರಮ್ಮರ್ ಕೋಲು ಇಳಿಸಿದ ಮೇಲೆ ಸದ್ದು ಬರುತ್ತಿತ್ತಂತೆ.

"ಎಷ್ಟು ದೂರ ಇದ್ದೆ?" ಶೈಲಾ ಕಣ್ಣು ಹೊಳೆಯಿತು.

"ಇನ್ನೂರು ಮೀಟರ್ ಇರ್ಬೋದು. ಎಂಟು ಸಾವಿರಕ್ಕೆ ಅಷ್ಟೇ ಹತ್ರ ಬಿಡೋದು."

"ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನಿನ್ನ ಕಿವಿಗೆ ಬರೋಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ. ಮಧ್ಯೆ ಟವರ್ ನಿಲ್ಲಿಸಿ ಸ್ಪೀಕರ್ ಕಟ್ಟಿದ್ರೂ ಮುಂದಿನ ಸದ್ದಿಗೆ ಹೊಂದಿಕೆ ಆಗ್ಲಿ ಅಂತ ಬೇಕಂತಲೇ ತಡ ಮಾಡಿ ಬಿಡ್ತಾರೆ. ಬೆಳಕಿಗೆ ಆ ತೊಂದ್ರೆ ಇಲ್ಲ."

"ಅಂದ್ರೆ ತಪ್ಪು ಬ್ಯಾಂಡಿಂದಲ್ಲ, ಗಾಳಿದು ಅಂತೀಯಾ?"

"ಹಾಡು ಕೆಟ್ಟದಾಗಿದ್ದು ಬ್ಯಾಂಡಿನ ತಪ್ಪು. ತಡವಾಗಿ ಕೆಟ್ಟದಾಗಿ ಕೇಳಿದ್ದು ಗಾಳಿದು."

ಆಗ ಮಂಜ ಎದೆ ಉಬ್ಬಿಸಿದ. ಅವನು 2011ರ ಅಕ್ಟೋಬರ್ 30ಕ್ಕೆ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡ್ ನೋಡಿದವನು. ಇದನ್ನು ಜಾತಕದ ಹಾಗೆ ಜೊತೆಯಲ್ಲೇ ಇಟ್ಟುಕೊಂಡಿರುತ್ತಾನೆ. ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಶೋ ನಡೆಯಲೇ ಇಲ್ಲ, ಜನ ವೇದಿಕೆಯನ್ನೇ ಪುಡಿ ಮಾಡಿದ್ದರು. ನಮ್ಮೂರಲ್ಲಿ ಮಾತ್ರ ಸಾಂಗವಾಗಿ ನಡೆಯಿತು ಅನ್ನುವ ಭಾಗ ಬಂದಾಗ ಅವನ ದನಿ ಒಂದು ಸುತ್ತು ಗಟ್ಟಿಯಾಗುತ್ತದೆ.

"ಅದೆಲ್ಲ ಇರ್ಲಿ, ನಿಂಗೆ ಏನ್ ಕಾಣ್ತು?" ಸೀನ ಕೇಳಿದ.

ಮಂಜ ಕಾಫಿ ಲೋಟದೊಳಗೆ ನೋಡಿದ. "ಮುಂದೆ ಒಬ್ಬ ಉದ್ದಕ್ಕೆ ನಿಂತಿದ್ದ."

"ಆರಡಿ?"

"ಮೇಲೇ ಇರ್ಬೇಕು."

"ಅವನೇ ಕಣೋ! ಅವನು ಎಲ್ಲಾದಕ್ಕೂ ಬರ್ತಾನೆ!"

ನನಗನ್ನಿಸುವುದು ಇಷ್ಟೇ: ಇಷ್ಟು ದೊಡ್ಡ ಮೈದಾನಕ್ಕೆ ಯಾರೂ ಹಾಡು ಕೇಳಲು ಹೋಗುವುದಿಲ್ಲ. ಕೂಗಲು ಹೋಗುತ್ತಾರೆ. ಕೇಳಬೇಕು ಅನ್ನುವವರು ರಾಮನವಮಿ ಸಂಗೀತೋತ್ಸವದ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಕೂತು ಕೇಳುತ್ತಾರೆ, ತೊಡೆ ಮೇಲೆ ತಾಳ ಹಾಕುತ್ತಾ.

ಶೈಲಾ ಬೀಟಲ್ಸ್ ಉದಾಹರಣೆ ಕೊಟ್ಟಳು. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಐವತ್ತೈದು ಸಾವಿರ ಜನ. ಬೀಟಲ್ಸ್ ಹಾಡಿದ್ದು ಬರೀ ಅರ್ಧ ಗಂಟೆ. ದನಿ ಬರುತ್ತಿದ್ದದ್ದು ಬೇಸ್‌ಬಾಲ್ ಆಟಕ್ಕೆ ಅನೌನ್ಸ್‌ಮೆಂಟ್ ಮಾಡುವ ಸ್ಪೀಕರುಗಳಲ್ಲಿ. ಹುಡುಗಿಯರ ಕಿರುಚಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಮುಂದಿನ ವರ್ಷ ಊರೂರು ಸುತ್ತುವುದನ್ನೇ ಬಿಟ್ಟು ಸ್ಟುಡಿಯೋ ಸೇರಿಕೊಂಡರು. "ಜನ ಮಾತ್ರ ಬದುಕಿರೋವರೆಗೂ 'ನಾನು ಅಲ್ಲಿದ್ದೆ' ಅಂದ್ಕೊಂಡೇ ಓಡಾಡಿದ್ರು" ಅಂದಳು.

"ನಾನು ಕಿರುಚಲಿಲ್ಲ. ಗಮನ ಇಟ್ಟು ಕೇಳ್ದೆ" ಅಂದ ಸೀನ. ಸಾಕ್ಷಿಗೆ ಫೋನು ತೆಗೆದ.

ನಾಲ್ಕು ತಲೆ ಒಂದು ಪರದೆ ಮೇಲೆ ಬಾಗಿದವು. ಮೂಲೆಯಲ್ಲಿ ಸೀನನ ಹೆಬ್ಬೆರಳು. ಮಧ್ಯದಲ್ಲಿ ಆ ಬೆನ್ನು. ಬೆನ್ನಿನ ಆಚೆ ಬೂದುಗುಂಬಳದಷ್ಟು ಬಿಳಿ ಬೆಳಕು, ಅದೇ ಬ್ಯಾಂಡು. ಡ್ರಮ್ಮಿನ ಸದ್ದು ಎಲ್ಲೋ ಪಕ್ಕದ ಬೀದಿಯಲ್ಲಿ ಬಟ್ಟೆ ಒಗೆದ ಹಾಗೆ. ಅದರ ಮೇಲೆ ಒಂದು ಗಂಡು ದನಿ, ಶ್ರುತಿಯ ಹಂಗಿಲ್ಲದೆ, ಜೀವ ಹೋಗುವ ಹಾಗೆ ಅರಚುತ್ತಿತ್ತು.

"ಇದು ಯಾರೋ?" ಮಂಜ ಕೇಳಿದ.

ಸೀನ ಮಾತಾಡಲಿಲ್ಲ. ಗಲ್ಲಾಪೆಟ್ಟಿಗೆ ಬಿಟ್ಟು ಕ್ಯಾಷಿಯರ್ ಎದ್ದು ಬಂದರು. "ಏನ್ ಸಾರ್, ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ ಸಾರ್, ಕಾನ್ಸರ್ಟು" ಅಂದಳು ಶೈಲಾ.

"ಇನ್ನೂ ತುಂಬಾ ಇವೆ, ಇದಕ್ಕಿಂತ ಚೆನ್ನಾಗಿವೆ, ಗ್ರೂಪಿಗೆ ಹಾಕ್ತೀನಿ ತಾಳಿ" ಅಂದ ಸೀನ. ಅಷ್ಟರಲ್ಲಿ ಮಂಜ ಗ್ರೂಪನ್ನು ಒಂದು ವಾರಕ್ಕೋ ಶಾಶ್ವತವಾಗಿಯೋ ಅಂತ ಯೋಚಿಸುತ್ತಾ ಮ್ಯೂಟ್ ಬಟನ್ ಒತ್ತುತ್ತಿದ್ದ.